ಗೂಡಿನ ಮೇಲಿನ ಕೊಂಬೆ

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಅಂಗಾತ ಬಿದ್ದವನಿಗೆ ಮಾತು ಎಲ್ಲಿಂದ ಬರಬೇಕು? ಲೈನ್‌ಮನ್‌ನ ಎರಡೂ ದವಡೆಯಲ್ಲಿ ಹತ್ತಿಯ ಉಂಡೆ, ತುಟಿಯ ತುದಿಗೆ ಎಂಜಲು ಎಳೆಯುವ ನಳಿಕೆ, ಚುಚ್ಚುಮದ್ದಿಗೆ ಮರಗಟ್ಟಿದ ನಾಲಿಗೆ. ಡಾಕ್ಟರು ಮಾತ್ರ ಹುಳುಕು ಕೊರೆಯುತ್ತಲೇ ಮಾತಾಡುತ್ತಿದ್ದರು. ಊರಿನ ಅರ್ಧ ಜನ ಅವರ ಮಾತಿಗೆ ಹೂಂಗುಟ್ಟಿರುವುದು ಹೀಗೆ ಬಾಯಿ ತೆರೆದುಕೊಂಡು ಮಲಗಿದ್ದಾಗಲೇ. ನಾಲ್ಕು ಗೋಡೆಯ ಮೇಲೂ ಅವರೇ ತೆಗೆದ ಹಕ್ಕಿಗಳ ಫೋಟೊ. ಸಾಲದ್ದಕ್ಕೆ ಮಲಗಿದವರಿಗೂ ಕಾಣಲಿ ಎಂದು ಸೂರಿಗೆ ಒಂದು ಹದ್ದನ್ನು ಅಂಟಿಸಿದ್ದರು.

"ಗೂಡು ತೋರಿಸಿದ್ದು ನೀವೇ, ಅದಕ್ಕೇ ನಿಮ್ಮನ್ನ ಕೇಳ್ತಿದೀನಿ," ಎಂದರು ಡಾಕ್ಟರು. "ಗಿಡುಗದ ಗೂಡು ಅಷ್ಟು ಕೆಳಗೆ ಸಿಗೋದೇ ಅಪರೂಪ. ಮೂರು ಮರಿ ಬೇರೆ. ಆದ್ರೆ ಆ ಒಂದು ಕೊಂಬೆ ಇದೆಯಲ್ಲ, ದರಿದ್ರದ್ದು, ಎಲ್ಲಿ ನಿಂತ್ರೂ ಅಡ್ಡ ಬರುತ್ತೆ. ಗೂಡಿಗೆ ಬೆಳಕೂ ಬೀಳಲ್ಲ. ನಿಮ್ಮ ಕರೆಂಟ್ ತಂತಿ ಆ ಕಡೆನೇ ಹೋಗುತ್ತಲ್ಲಾ? ತಂತಿಗೆ ತಾಗ್ತಿತ್ತು ಅಂತ ಇಲಾಖೆ ಪುಸ್ತಕದಲ್ಲಿ ಒಂದು ಸಾಲು ಬರೆದ್ರೆ ಯಾರು ಕೇಳ್ತಾರೆ?"

ತಂತಿಗೂ ಆ ಕೊಂಬೆಗೂ ಎರಡಾಳುದ್ದ ದೂರವಿತ್ತು. ಅದನ್ನು ಹೇಳಲು ಹೋದ ಲೈನ್‌ಮನ್‌ನ ಬಾಯಿಂದ "ಆಂ… ಊಂ…" ಎಂದಷ್ಟೇ ಹೊರಟಿತು.

"ನೀವು ಒಪ್ತೀರಿ ಅಂತ ನನಗೆ ಗೊತ್ತಿತ್ತು. ಈ ಸಲದ ನಮ್ಮ ಫೋಟೊ ಪ್ರದರ್ಶನದಲ್ಲಿ ನೀವು ತೆಗೆದಿದ್ದೂ ಒಂದು ಹಾಕಿಸ್ತೀನಿ. ಬಾಗಿಲಷ್ಟು ದೊಡ್ಡದು, ಕೆಳಗೆ ನಿಮ್ಮ ಹೆಸರು. ಹಾಂ, ಈಗ ಉಗುಳಿ."

ಉಗುಳಿ ಎದ್ದವನು ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಹದಿನೆಂಟು ವರ್ಷ ಕಂಬ ಹತ್ತಿ, ಕಂಬದ ತುದಿಯಿಂದ ಹಕ್ಕಿಗಳನ್ನು ನೋಡಿ ನೋಡಿ ಹುಚ್ಚು ಹಿಡಿಸಿಕೊಂಡ ಆಸಾಮಿ ಅವನು. ಡಾಕ್ಟರು ಹೊಸದು ಕೊಂಡಾಗ ಕೊಟ್ಟ ಹಳೆಯ ಕ್ಯಾಮೆರಾದಲ್ಲಿ ಆರು ವರ್ಷದಿಂದ ತೆಗೆದ ಸಾವಿರಾರು ಫೋಟೊಗಳನ್ನು ಹೆಂಡತಿ ಬಿಟ್ಟರೆ ಇನ್ನೊಂದು ನರಪಿಳ್ಳೆ ನೋಡಿರಲಿಲ್ಲ. ಹಕ್ಕಿ ಫೋಟೊ ತೆಗೆಯುವ ಡಾಕ್ಟರ ಬಳಗದಲ್ಲಿ ವಕೀಲರಿದ್ದರು, ಅಂಗಡಿ ಮಾಲೀಕರಿದ್ದರು, ಕಾಲೇಜಿನ ಮೇಷ್ಟರಿದ್ದರು. ಅವರಿಗೆಲ್ಲ ಇವನು ಗೂಡು ತೋರಿಸುವ ಲೈನ್‌ಮನ್, ಅಷ್ಟೇ. ಬಾಗಿಲಷ್ಟು ದೊಡ್ಡದು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮನುಷ್ಯ ಪೂರಿಯ ಹಾಗೆ ಉಬ್ಬಿಹೋದ.

ಮರುದಿನ ಬೆಳಿಗ್ಗೆ ಆಳನ್ನು ತೊಟ್ಟಿಯಲ್ಲಿ ನಿಲ್ಲಿಸಿ ಮೇಲೆತ್ತುವ ಇಲಾಖೆಯ ಬಕೆಟ್ ಗಾಡಿ ನೀರಿನ ಟ್ಯಾಂಕಿನ ಪಕ್ಕದ ಮರದಡಿ ನಿಂತಿತು. ಗಾಡಿಯ ಡ್ರೈವರ್ ತಲೆ ಹೊರಗೆ ಹಾಕಿ ಮೇಲೆ ನೋಡಿದ.

"ತಂತಿ ಅಲ್ಲೆಲ್ಲೋ ಇದೆ. ಈ ಕೊಂಬೆ ಯಾಕಪ್ಪ ಕಡೀತೀಯಾ?"

"ಮೇಲಿಂದ ಹೇಳಿದಾರೆ."

"ಎಷ್ಟು ಮೇಲಿಂದ?" ಎಂದು ಡ್ರೈವರ್ ನಕ್ಕ. ಲೈನ್‌ಮನ್ ನಗಲಿಲ್ಲ. ಐದೇ ನಿಮಿಷದಲ್ಲಿ ಕೊಂಬೆ ನೆಲಕ್ಕೆ ಬಿತ್ತು. ಪುಸ್ತಕದಲ್ಲಿ ಒಂದು ಸಾಲು ಬಿತ್ತು. ಗೂಡು ಬೋಳುಬೋಳಾಗಿ, ಅಂಗೈಯಲ್ಲಿ ಇಟ್ಟಂತೆ ಎಲ್ಲರಿಗೂ ಕಂಡಿತು.

ಆಮೇಲೆ ಶುರುವಾಯಿತು ಜಾತ್ರೆ. ಬೆಳಿಗ್ಗೆ ಎಂಟಕ್ಕೆಲ್ಲ ಮರದ ಕೆಳಗೆ ಕ್ಯಾಮೆರಾ ಸ್ಟ್ಯಾಂಡುಗಳ ಸಾಲು, ತೋಳಿನಷ್ಟು ಉದ್ದದ ಲೆನ್ಸುಗಳು. ಅದೃಷ್ಟ ಖುಲಾಯಿಸಿದ್ದು ಮಾತ್ರ ಲೈನ್‌ಮನ್‌ಗೆ. ನಾಲ್ಕನೆಯ ದಿನ ರಜೆ ಹಾಕಿ ನಿಂತಿದ್ದವನಿಗೆ ತಾಯಿ ಗಿಡುಗ ಎರಡೂ ರೆಕ್ಕೆ ಹರಡಿ, ಕೊಕ್ಕು ತೆರೆದು, ಮರಿಗಳ ಮೇಲೆ ಬಾಗಿ ನಿಂತದ್ದು ಸಿಕ್ಕಿತು. ಒಂದೊಂದು ಗರಿಯ ಸಂದಿಯಲ್ಲೂ ಬಿಸಿಲು ಹಾಯ್ದು ರೆಕ್ಕೆ ಹೊಳೆಯುತ್ತಿತ್ತು. ಬಳಗದ ಮೊಬೈಲ್ ಗುಂಪಿಗೆ ಅದನ್ನು ಹಾಕಿದ್ದೇ ಹಾಕಿದ್ದು, ಹೊಗಳಿಕೆಯ ಮಳೆ ಸುರಿಯಿತು. ತಾಯಿ ಅಂದ್ರೆ ತಾಯಿ, ಎಂದರು ಅಂಗಡಿ ಮಾಲೀಕರು. ಕಣ್ಣಲ್ಲಿ ನೀರು ಬಂತು, ಎಂದರು ಮೇಷ್ಟರು. ಎದುರು ಸಿಕ್ಕರೆ ಮುಖ ತಿರುಗಿಸುತ್ತಿದ್ದ ವಕೀಲರು ಅಂದು 'ಸಾರ್' ಎಂದು ಬರೆದರು. ಪ್ರದರ್ಶನಕ್ಕೆ ಅದೇ ಫೋಟೊ ಎಂದು ಡಾಕ್ಟರು ಘೋಷಿಸಿದರು. ಅದನ್ನು ನೋಡಿ ಬೇರೆ ಊರಿನ ಹನ್ನೆರಡು ಜನ ಶನಿವಾರ ಬರುವುದೂ ಗೊತ್ತಾಯಿತು.

ಶುಕ್ರವಾರ ಸಂಜೆ ಹೆಂಡತಿ ಕೆಲಸ ಮುಗಿಸಿ ಬಂದಳು. ಸಸಿ ಬೆಳೆಸುವ ನರ್ಸರಿಯಲ್ಲಿ ಅವಳದು ಹನ್ನೊಂದು ವರ್ಷದ ಕೆಲಸ. ಕೈಯ ಮಣ್ಣು ತೊಳೆಯುವಷ್ಟೂ ಬಿಡದೆ ಲೈನ್‌ಮನ್ ಮೊಬೈಲನ್ನು ಅವಳ ಮೂಗಿಗೆ ಹಿಡಿದ. ಅವಳು ತುಂಬ ಹೊತ್ತು ನೋಡಿದಳು.

"ಬಾಯಿ ಯಾಕೆ ತೆರ್ಕೊಂಡಿದೆ?"

"ಕೂಗ್ತಿದೆ."

"ಕೂಗೋ ಬಾಯಿ ಹೀಗಿರಲ್ಲ ಕಣ್ರೀ. ನಾಲಿಗೆ ನೋಡಿ. ಏದುಸಿರು ಬಿಡ್ತಿದೆ. ಎಷ್ಟು ಹೊತ್ತಿಗೆ ತೆಗೆದಿದ್ದು?"

"ಮಧ್ಯಾಹ್ನ ಒಂದೂವರೆ."

"ಹೀಗೆ ರೆಕ್ಕೆ ಹರಡ್ಕೊಂಡು ಎಷ್ಟು ಹೊತ್ತು ನಿಂತಿತ್ತು?"

"ನಿಂತೇ ಇರುತ್ತೆ. ಅದಕ್ಕೇ ಅಲ್ವಾ ನನಗೆ ಸಿಕ್ಕಿದ್ದು!"

"ಕೊಂಬೆ ಕಡಿಯೋಕೆ ಮುಂಚೆ ಹೀಗೆ ನಿಲ್ತಿತ್ತಾ?"

ಲೈನ್‌ಮನ್‌ಗೆ ರೇಗಿತು. "ಊರೆಲ್ಲ ಹೊಗಳ್ತಿದೆ, ನಿನಗೊಬ್ಬಳಿಗೆ ಕೊಂಕು. ಹಕ್ಕಿ ವಿಷಯ ನಿನಗೇನು ಗೊತ್ತು?"

"ಹಕ್ಕಿ ವಿಷಯ ಗೊತ್ತಿಲ್ಲ. ಬಿಸಿಲಿನ ವಿಷಯ ಗೊತ್ತು. ಸಸಿಗೆ ನೆರಳು ಕೊಡೋ ಶೇಡ್‌ನೆಟ್ ಒಂದು ಮಧ್ಯಾಹ್ನ ಹರಿದಿದ್ರೆ ಸಾಕು, ಸಂಜೆಗೆ ಇಡೀ ಸಾಲು ಸುಟ್ಟು ಮಲಗಿರುತ್ತೆ. ಇದು ಪ್ರೀತಿ ತೋರಿಸ್ಕೊಂಡು ನಿಂತಿರೋದಲ್ಲ. ನೀವು ಕಡಿದು ಹಾಕಿದ ಕೊಂಬೆಯ ಕೆಲಸ ಈಗ ಅದು ಮಾಡ್ತಿದೆ."

ಅಷ್ಟು ಹೇಳಿ ಅವಳು ಕೈ ತೊಳೆಯಲು ಹೋದಳು. ಲೈನ್‌ಮನ್ ಸಿಟ್ಟಿನಿಂದಲೇ ಕ್ಯಾಮೆರಾ ತೆಗೆದು, ಅವಳ ಮಾತು ಸುಳ್ಳು ಮಾಡಲು ಹಿಂದಿನ ಫೋಟೊಗಳನ್ನು ಒಂದೊಂದಾಗಿ ಸರಿಸಿದ. ಕೊಂಬೆ ಇದ್ದಾಗಿನವು ನಲವತ್ತು. ನಲವತ್ತರಲ್ಲೂ ತಾಯಿ ರೆಕ್ಕೆ ಮಡಚಿ ಕೂತಿದೆ, ಇಲ್ಲವೇ ಬೇಟೆ ಹರಿದು ಮರಿಗಳಿಗೆ ತಿನ್ನಿಸುತ್ತಿದೆ. ಕೊಂಬೆ ಹೋದ ಮೇಲಿನವು ಮುನ್ನೂರಕ್ಕೂ ಹೆಚ್ಚು. ಹತ್ತೂವರೆಗೂ ಅದೇ ರೆಕ್ಕೆ, ಹನ್ನೆರಡಕ್ಕೂ ಅದೇ, ಮೂರಕ್ಕೂ ಅದೇ. ತಿನ್ನಿಸುವ ಫೋಟೊ ಎರಡೇ ಎರಡು. ಕೆಳಗೆ ಅಷ್ಟು ಜನ ನಿಂತಿರುವಾಗ ಬೇಟೆ ತರುವ ಗಂಡು ಹತ್ತಿರ ಬರುವುದಾದರೂ ಹೇಗೆ?

ಕೊನೆಗೆ ಆ ಫೋಟೊ ಬಂತು. ಗುಂಪಿಗೆ ಕಳಿಸಿದ್ದಲ್ಲ, ಕ್ಯಾಮೆರಾದಲ್ಲಿದ್ದ ಪೂರ್ತಿ ಫೋಟೊ. ತಾಯಿಯ ರೆಕ್ಕೆಯಡಿ ಎರಡು ಮರಿ. ಗೂಡಿನ ಎಡ ಅಂಚಿನಲ್ಲಿ ಒಣ ಎಲೆಯಂಥದ್ದೇನೋ ಬಿದ್ದಿತ್ತು. ಕಳಿಸುವ ಮುಂಚೆ, ಚೆಂದ ಕಾಣಲಿ ಎಂದು, ಆ ಮೂಲೆಯನ್ನು ತಾನೇ ಕತ್ತರಿಸಿ ತೆಗೆದದ್ದು ನೆನಪಾಯಿತು. ಈಗ ದೊಡ್ಡದು ಮಾಡಿ ನೋಡಿದ. ಅದು ಎಲೆಯಲ್ಲ, ಮೂರನೆಯ ಮರಿ. ಕತ್ತು ಹೊರಗೆ ಜೋತಿತ್ತು.

ಲೈನ್‌ಮನ್‌ಗೆ ಸಿಟ್ಟು ಬಂತು. ಎಂಥ ಸಿಟ್ಟೆಂದರೆ ಯಾರನ್ನು ಹಿಡಿದು ಬಡಿಯಬೇಕೆಂದು ತಿಳಿಯದೆ ತನ್ನ ಹಣೆಯನ್ನೇ ಬಡಿದುಕೊಂಡ. ಹದಿನೆಂಟು ವರ್ಷ ಹಕ್ಕಿ ನೋಡಿದವನ ಕಣ್ಣಿಗೆ ಇದು ಕಾಣಲಿಲ್ಲವಲ್ಲ! ಕಾಣಲಿಲ್ಲ, ಯಾಕೆಂದರೆ ಅವನು ಹಕ್ಕಿ ನೋಡುತ್ತಿರಲಿಲ್ಲ, ಬಾಗಿಲಷ್ಟು ದೊಡ್ಡ ಫೋಟೊ ನೋಡುತ್ತಿದ್ದ.

ಶನಿವಾರ ಹತ್ತೂವರೆಗೆ ಬಕೆಟ್ ಗಾಡಿ ಮತ್ತೆ ಟ್ಯಾಂಕಿನ ಬಳಿ ಬಂತು. ಮುಂದೆ ಡ್ರೈವರ್ ಪಕ್ಕ ಹೆಂಡತಿ ಕೂತಿದ್ದಳು, ಮಡಿಲಲ್ಲಿ ನರ್ಸರಿಯಿಂದ ಕೇಳಿ ತಂದ ಹಸಿರು ಶೇಡ್‌ನೆಟ್. ಮರದ ಕೆಳಗೆ ಹನ್ನೆರಡು ಅತಿಥಿಗಳು, ಬಳಗದವರು, ನಡುವೆ ಡಾಕ್ಟರು. ಮೇಲೆ ಆಗಲೇ ತಾಯಿ ರೆಕ್ಕೆ ಹರಡಿತ್ತು.

"ಇವತ್ತು ಗಾಡಿ ಯಾಕ್ರೀ?" ಎಂದು ಡಾಕ್ಟರು ನಗುತ್ತ ಬಂದರು. "ಇವರೆಲ್ಲ ನಿಮ್ಮ ಫೋಟೊ ನೋಡೇ ಬಂದಿರೋದು."

"ನೆರಳು ಕಟ್ಟೋಕೆ ಬಂದಿದೀನಿ ಡಾಕ್ಟ್ರೆ. ಒಂದು ಮರಿ ಸತ್ತಿದೆ."

"ಗೊತ್ತು," ಎಂದು ಡಾಕ್ಟರು ದನಿ ತಗ್ಗಿಸಿದರು.

"ಗೊತ್ತಾ?"

"ಮೂರರಲ್ಲಿ ಒಂದು ಸಾಯೋದು ಸಹಜ ಕಣ್ರೀ. ನಾವಿಲ್ಲದಿದ್ರೂ ಸಾಯ್ತಿತ್ತೋ ಏನೋ. ಸ್ವಲ್ಪ ದೊಡ್ಡ ಮನಸ್ಸಿಂದ ಯೋಚಿಸಿ. ಹತ್ತು ವರ್ಷದ ಹಿಂದೆ ಈ ಊರಲ್ಲಿ ಗಿಡುಗ ಕಂಡ್ರೆ ಕಲ್ಲು ಹೊಡೀತಿದ್ರು. ನಮ್ಮ ಫೋಟೊ ನೋಡಿ ನೋಡಿಯೇ ಅದು ನಿಂತಿದ್ದು. ಕೆರೆ ಮುಚ್ಚೋಕೆ ಬಂದಾಗ ಇದೇ ಫೋಟೊಗಳನ್ನ ಹಿಡ್ಕೊಂಡು ಆಫೀಸಿಂದ ಆಫೀಸಿಗೆ ಅಲೆದವನು ನಾನು. ಅದೂ ಸುಳ್ಳಾ?"

ಸುಳ್ಳಲ್ಲ. ಅದೇ ಲೈನ್‌ಮನ್‌ಗೆ ಇನ್ನಷ್ಟು ಉರಿ ಹತ್ತಿಸಿತು. "ಸುಳ್ಳಲ್ಲ ಡಾಕ್ಟ್ರೆ. ಆವತ್ತು ನಿಮ್ಮ ಹಿಂದೆ ನಾನೂ ಅಲೆದಿದ್ದೆ. ಆದ್ರೆ ಈ ಹಕ್ಕಿಗೆ ಕೆರೆ ಕಥೆ ಹೇಳಿದ್ರೆ ನೆರಳು ಬರುತ್ತಾ?"

"ಬೇಡ ಅಂದ್ನಾ? ಕಟ್ಟಿ, ಸಂಜೆ ಕಟ್ಟಿ. ಪಾಪ, ಆರು ಗಂಟೆ ಪ್ರಯಾಣ ಮಾಡಿ ಬಂದಿದಾರೆ. ಇನ್ನೊಂದೇ ಒಂದು ಮಧ್ಯಾಹ್ನ."

ಹೆಂಡತಿ ಗಾಡಿಯಿಂದ ಧುಮುಕಿದಳು. "ಬಿಸಿಲು ಇಳಿದ ಮೇಲೆ ನೆರಳು ಕಟ್ಟಬೇಕಾ? ನಿಮ್ಮ ಮನೆ ಮಗುವನ್ನ ಈ ಬಿಸಿಲಲ್ಲಿ ಮಲಗಿಸಿ ಹೀಗೇ ಹೇಳ್ತೀರಾ ಡಾಕ್ಟ್ರೆ?"

ಡಾಕ್ಟರ ಮುಖ ಕೆಂಪಾಯಿತು. "ನಿಮ್ಮೆಜಮಾನ್ರನ್ನ ಕೇಳಮ್ಮ. ಕೊಂಬೆ ಕಡಿದವನು ನಾನಲ್ಲ. ಪುಸ್ತಕದಲ್ಲಿ ಸುಳ್ಳು ಬರೆದವನೂ ನಾನಲ್ಲ. ಆ ಮಾತು ಇಲಾಖೆ ತನಕ ಹೋದ್ರೆ ಯಾರ ಕುತ್ತಿಗೆಗೆ ಬರುತ್ತೆ, ಯೋಚನೆ ಮಾಡಿ. ಪ್ರದರ್ಶನದ ಗೋಡೆ ಮೇಲೆ ಆ ಫೋಟೊನೂ ಇರಲ್ಲ."

ಕೆಲಸ ಹೋಗಬಹುದು ಎಂದು ಲೈನ್‌ಮನ್‌ಗೆ ಹೆದರಿಕೆಯಾಯಿತು. ಮೇಲೆ ನೋಡಿದ. ಆಮೇಲೆ ಅತಿಥಿಗಳ ಕಡೆ ತಿರುಗಿ ಗಂಟಲು ಹರಿಯುವಂತೆ ಕೂಗಿದ.

"ಎಲ್ಲ ಕೇಳಿ ಇಲ್ಲಿ! ನೀವು ನೋಡಿ ಕಣ್ಣೀರು ಹಾಕಿದ ಫೋಟೊ ನನ್ನದು. ಈ ತಾಯಿ ತಲೆ ಮೇಲಿದ್ದ ಕೊಂಬೆ ಕಡಿದವನೂ ನಾನೇ. ಅದು ಯಾವ ತಂತಿಗೂ ತಾಗ್ತಿರಲಿಲ್ಲ. ಫೋಟೊಗೋಸ್ಕರ ಕಡಿದೆ. ಈ ಡಾಕ್ಟ್ರು ಹೇಳಿದ್ರು, ನಾನು ಕಡಿದೆ. ಬಿಸಿಲಿಗೆ ಒಂದು ಮರಿ ಸತ್ತುಬಿದ್ದಿತ್ತು, ಅದನ್ನ ಫೋಟೊದಿಂದ ಕತ್ತರಿಸಿ ನಿಮಗೆ ತೋರಿಸಿದೆ. ಇಲಾಖೆಗೆ ನಾನೇ ಬರೆದುಕೊಡ್ತೀನಿ, ಏನು ಮಾಡ್ತಾರೋ ಮಾಡಲಿ. ಈಗ ದಯವಿಟ್ಟು ಟ್ಯಾಂಕಿನ ಆಚೆ ಹೋಗಿ. ನೀವು ಇಲ್ಲಿ ನಿಂತಿರೋ ತನಕ ಗಂಡು ಊಟ ತರಲ್ಲ!"

ಅತಿಥಿಗಳಲ್ಲಿದ್ದ ನಡುವಯಸ್ಸಿನ ಹೆಂಗಸೊಬ್ಬರು ಮೊದಲು ಕ್ಯಾಮೆರಾ ಬಿಚ್ಚಿ ಚೀಲಕ್ಕೆ ಹಾಕಿದರು. ಅವರ ಹಿಂದೆ ಉಳಿದವರು ಗೊಣಗುತ್ತ ಸರಿದರು. ವಕೀಲರು ಹೋಗುತ್ತ ಹೋಗುತ್ತ ಇನ್ನೆರಡು ಕ್ಲಿಕ್ಕಿಸಿಕೊಂಡೇ ಹೋದರು.

ಬಕೆಟ್ ಮೇಲೇರಿದ್ದೇ ಗಿಡುಗ ಬಾಣದಂತೆ ಬಂದು ಹೆಲ್ಮೆಟ್ಟಿಗೆ ಬಡಿಯಿತು. ಎರಡನೆಯ ಸಲ ಉಗುರು ಕಿವಿಯ ಹಿಂದೆ ನಾಟಿ ರಕ್ತ ಇಳಿಯಿತು. "ಹೊಡಿ," ಎಂದ ಲೈನ್‌ಮನ್, ಹಲ್ಲು ಕಚ್ಚಿ. "ಹೊಡಿಯಮ್ಮ, ಇನ್ನೂ ಹೊಡಿ." ನೆಟ್ಟಿನ ನಾಲ್ಕು ಮೂಲೆಯನ್ನು ನಾಲ್ಕು ಕೊಂಬೆಗೆ, ಗಾಳಿಗೆ ಪಟಪಟಿಸದಂತೆ ಬಿಗಿದ. ಗೂಡಿನಲ್ಲಿ ಎರಡು ಮರಿ ಕೊಕ್ಕು ತೆರೆದು ಚಪ್ಪಟೆಯಾಗಿ ಮಲಗಿದ್ದವು. ಅವುಗಳ ಕಡೆ ಕೈ ಚಾಚಲಿಲ್ಲ. ಕೆಲಸ ಮುಗಿದದ್ದೇ ಇಳಿದು, ಗಾಡಿ ತೆಗೆಸಿ, ಟ್ಯಾಂಕಿನ ಆಚೆ ಹೋಗಿ ನಿಂತ. ಹೆಂಡತಿ ಸೆರಗಿನ ತುದಿಯನ್ನು ಕಿವಿಯ ಹಿಂದಿನ ಗಾಯಕ್ಕೆ ಒತ್ತಿ ಹಿಡಿದಳು.

ಅರ್ಧ ಗಂಟೆ ಕಳೆಯಿತು. ಗಿಡುಗ ಸುತ್ತುತ್ತಲೇ ಇತ್ತು, ಗೂಡಿಗೆ ಇಳಿಯಲಿಲ್ಲ.

"ಗೂಡು ಬಿಟ್ಟೇಬಿಡ್ತು ನೋಡಿ," ಎಂದರು ಡಾಕ್ಟರು ಹಿಂದಿನಿಂದ. "ಇದ್ದೆರಡನ್ನೂ ಕೊಂದ್ರಿ."

ಲೈನ್‌ಮನ್ ಗಿಡುಗದ ಮೇಲಿಂದ ಕಣ್ಣು ಕೀಳಲಿಲ್ಲ.

ಕೊನೆಗೂ ಗಿಡುಗ ಇಳಿಯಿತು. ಗೂಡಿನ ಅಂಚಿನಲ್ಲಿ ಕೂತು ಹಸಿರು ನೆಟ್ಟನ್ನು ಆ ಕಡೆಯಿಂದೊಮ್ಮೆ ಈ ಕಡೆಯಿಂದೊಮ್ಮೆ ನೋಡಿತು. ಅಭ್ಯಾಸಬಲದಿಂದ ರೆಕ್ಕೆ ಹರಡಿತು. ಹಾಗೇ ಸ್ವಲ್ಪ ಹೊತ್ತು ನಿಂತು, ಮೊದಲು ಒಂದನ್ನು, ಆಮೇಲೆ ಇನ್ನೊಂದನ್ನು ಮಡಚಿತು. ದೂರದ ಮರದಿಂದ ಗಂಡು ಕೂಗಿದಾಗ ಮರಿಗಳನ್ನು ನೆರಳಲ್ಲಿ ಬಿಟ್ಟು ಹಾರಿ, ಕಾಲಲ್ಲಿ ಏನನ್ನೋ ಹಿಡಿದುಕೊಂಡು ಬಂದು ಹರಿಯತೊಡಗಿತು. ಎರಡು ಪುಟ್ಟ ಕತ್ತು ಮೇಲೆದ್ದವು. ಹೆಂಡತಿ "ಅಬ್ಬಾ" ಎಂದು ಅಲ್ಲೇ ಕೂತಳು.

ಡಾಕ್ಟರು ಲೆನ್ಸ್ ಎತ್ತಿದರು. ಹೇಗೆ ಹಿಡಿದರೂ ಹಸಿರು ನೆಟ್ಟಿನ ಅಂಚು ಫೋಟೊಗೆ ಅಡ್ಡ ಬರುತ್ತಿತ್ತು. ಇಳಿಸಿ, ಬರಿಗಣ್ಣಿಂದ ನೋಡುತ್ತ ಬಹಳ ಹೊತ್ತು ನಿಂತರು. ಬಳಗದವರು ಒಬ್ಬೊಬ್ಬರಾಗಿ ಹೊರಟರೂ ಅವರು ಹೋಗಲಿಲ್ಲ. ಆಮೇಲೆ ಲೈನ್‌ಮನ್‌ನ ಮುಖ ನೋಡದೆ, ಗೂಡನ್ನೇ ನೋಡುತ್ತ ಹೇಳಿದರು:

"ನಾಲ್ಕು ಗಂಟೆಗೆ ಬಿಸಿಲು ಓರೆಯಾಗುತ್ತೆ. ಆ ಎರಡು ಕೊಂಬೆ ಸಂದೀಲಿ ತೂರಿ ನೇರ ಗೂಡಿಗೇ ಬೀಳುತ್ತೆ. ದಿನಾ ಅದೇ ಬೆಳಕಿಗೆ ಕಾಯ್ತಿದ್ದೆ. ಆ ಕಡೆಗೂ ಒಂದು ತುಂಡು ಕಟ್ಟಬೇಕು."

ಲೈನ್‌ಮನ್‌ನ ಸಿಟ್ಟು ಇಳಿದಿರಲಿಲ್ಲ. ಅದು ಅಷ್ಟು ಬೇಗ ಇಳಿಯುವ ಸಿಟ್ಟೂ ಅಲ್ಲ. ಉಳಿದ ನೆಟ್ಟಿನ ಸುರುಳಿ ಬಿಚ್ಚಿ, ಒಂದು ತುದಿಯನ್ನು ಡಾಕ್ಟರ ಕೈಗೆ ತುರುಕಿದ.

"ಗಟ್ಟಿಯಾಗಿ ಹಿಡ್ಕೊಳ್ಳಿ," ಎಂದ. "ಅಳತೆ ನೋಡಿ ಕತ್ತರಿಸಬೇಕು."