ಇಬ್ಬರೂ ದಾಟಬೇಕಾದ ಗೆರೆ

"ಬಲಕ್ಕೆ ಹೋಗಬೇಕು," ಎಂದು ಪಂಚಾಕ್ಷರಪ್ಪ ಮೇಷ್ಟ್ರು ದಿಕ್ಸೂಚಿಯಿಂದ ಕಣ್ಣೆತ್ತದೆ ಹೇಳಿದರು.

"ಬಲಕ್ಕೆ ಹೋದ್ರೆ ಕಾರೆಮುಳ್ಳಿನ ಮೆಳೆ ಐತೆ. ಆಡು ಸೈತ ನುಗ್ಗಲ್ಲ ಅದ್ರಾಗೆ," ಎಂದ ತಿಪ್ಪೇಶಪ್ಪ. "ಎಡಕ್ಕೆ ಹಳ್ಳದ ದಂಡೆ ಹಿಡಿದ್ರೆ ಸಲೀಸು."

"ದಂಡೆ ಸುತ್ತಾಗ್ತದೆ. ನಕ್ಷೆ ಓದೋದು ನನಗೆ ಬಿಡು."

"ನಕ್ಷೆನಾಗೆ ಮುಳ್ಳು ಬರ್ದಿದಾರೇನ್ರಿ?"

ಮೇಷ್ಟ್ರು ದಿಕ್ಸೂಚಿಯ ಮುಳ್ಳು ತೋರಿದ ಕಡೆಗೆ ಹೆಜ್ಜೆ ಎಣಿಸುತ್ತಾ ನುಗ್ಗಿದರು. ತಿಪ್ಪೇಶಪ್ಪ ಒಮ್ಮೆ ಉಗುಳಿ ಅವರ ಹಿಂದೆ ನಡೆದ. ನಾಲ್ಕು ಗುರುತುಗಳು ಮುಗಿದಿದ್ದವು. ಇನ್ನು ಮೂರು ಉಳಿದಿದ್ದವು.

ಎಂಬತ್ತಾರನೆಯ ಇಸವಿಯ ಫೆಬ್ರವರಿ ಅದು. ಸಾಹಸ ಕ್ರೀಡೆಯ ಸಂಘವೊಂದು ಜಗಳೂರಿನ ಆಚೆಯ ಕುರುಚಲು ಕಾಡಿನಲ್ಲಿ ನಕ್ಷೆ ಓಟ ಏರ್ಪಡಿಸಿತ್ತು. ಕಾಡಿನೊಳಗೆ ಏಳು ಕಡೆ ಮರಗಳಿಗೆ ಕೆಂಪು ಬಟ್ಟೆ ಕಟ್ಟಿ, ಪಕ್ಕದಲ್ಲಿ ಒಂದೊಂದು ಬಣ್ಣದ ಪೆನ್ಸಿಲು ತೂಗುಬಿಟ್ಟಿದ್ದರು. ನಕ್ಷೆ ನೋಡಿಕೊಂಡು ಅವುಗಳನ್ನು ಹುಡುಕಿ, ಕಾರ್ಡಿನ ಮೇಲೆ ಏಳು ಬಣ್ಣದ ಗೀಟು ಎಳೆದುಕೊಂಡು, ಶಾಲೆಯ ಬಯಲಿನಲ್ಲಿ ಹಾಕಿದ್ದ ಸುಣ್ಣದ ಗೆರೆಯನ್ನು ದಾಟಬೇಕು. ಓಟ ಜೋಡಿಯದು. ಒಬ್ಬ ದಾಟಿ ಇನ್ನೊಬ್ಬ ಹಿಂದುಳಿದರೆ ಅದು ಲೆಕ್ಕಕ್ಕಿಲ್ಲ. ಒಂಟಿಯಾಗಿ ಬಂದವರಿಗೆ ಚೀಟಿ ಎತ್ತಿ ಜೋಡಿ ಮಾಡಿದ್ದರು.

ಚೀಟಿಯಲ್ಲಿ ತಮ್ಮ ಹೆಸರಿನ ಜೊತೆ ತಿಪ್ಪೇಶಪ್ಪನ ಹೆಸರು ಬಂದಾಗ ಮೇಷ್ಟ್ರು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದ್ದರು.

"ಯಾರ ಪೈಕಿ ನೀನು?"

"ಫಾರೆಸ್ಟ್‌ನೋರ ಪೈಕಿ," ಎಂದಿದ್ದ ಅವನು. ಸುತ್ತ ನಿಂತವರು ನಕ್ಕಿದ್ದರು. ಮೇಷ್ಟ್ರು ನಕ್ಕಿರಲಿಲ್ಲ. ಅವನು ಜಗಳೂರಿನ ಕೆಳಗೇರಿಯವನೆಂದು ಆಮೇಲೆ ಯಾರೋ ಅವರ ಕಿವಿಯಲ್ಲಿ ಹೇಳಿದರು.

ಪಂಚಾಕ್ಷರಪ್ಪನವರು ಬಸವಾಪಟ್ಟಣದ ಹೈಸ್ಕೂಲಿನಲ್ಲಿ ಗಣಿತ ಹೇಳುವವರು. ಎನ್‌ಸಿಸಿಯ ಉಸ್ತುವಾರಿಯೂ ಅವರದೇ ಆಗಿದ್ದರಿಂದ ನಕ್ಷೆ, ದಿಕ್ಸೂಚಿ ಅವರ ಕೈಗೆ ಒಗ್ಗಿದ್ದವು. ಎರಡು ವರ್ಷದ ಹಿಂದೆ ಒಬ್ಬನೇ ಮಗ ಮೆದುಳುಜ್ವರದಿಂದ ತೀರಿಕೊಂಡ ಮೇಲೆ ಅವರು ಓಡಲು ಹತ್ತಿದರು. ಬೆಳಗಿನ ಜಾವ ಎದ್ದು, ಮಿಂದು, ಲಿಂಗಪೂಜೆ ಮುಗಿಸಿ, ಕೋಟೆಯ ಗುಡ್ಡವನ್ನು ಹತ್ತಿ ಇಳಿದು ಮತ್ತೆ ಹತ್ತುವರು. "ಮೇಷ್ಟ್ರು ಗುಡ್ಡದಾಗೆ ಏನ್ ಹುಡುಕ್ತಾರೆ?" ಎಂದು ಜನ ಕೇಳಿದರೆ ಹೆಂಡತಿ ಕಸ್ತೂರಮ್ಮ, "ಹುಡುಕ್ಲಿ ಬಿಡ್ರಿ, ಮನೇಲಿ ಕೂತ್ರೆ ಗೋಡೆ ನೋಡ್ತಾರೆ," ಎನ್ನುವಳು. ಈ ಓಟದಲ್ಲಿ ಅವರು ಗೆದ್ದು ಪಡೆಯಬೇಕಾದುದು ಏನೂ ಇರಲಿಲ್ಲ.

ತಿಪ್ಪೇಶಪ್ಪನಿಗೆ ಇತ್ತು. ಆರು ವರ್ಷದಿಂದ ಅವನು ಕಾಡು ಕಾಯುವ ದಿನಗೂಲಿ ವಾಚರು. ಮುಂದಿನ ತಿಂಗಳು ಗಾರ್ಡುಗಳ ಆಯ್ಕೆ. ಇಂಥ ಓಟದಲ್ಲಿ ಮೊದಲೆರಡು ಸ್ಥಾನ ಪಡೆದವರ ಸರ್ಟಿಫಿಕೇಟಿಗೆ ಆಯ್ಕೆಯಲ್ಲಿ ಹತ್ತು ಅಂಕ ಹೆಚ್ಚಿಗೆ ಸಿಗುತ್ತಿತ್ತು. ಬರುವ ವರ್ಷಕ್ಕೆ ಅವನ ವಯಸ್ಸು ಮೀರುತ್ತಿತ್ತು. ಹೊರಡುವ ಮುಂಚೆ ಅದನ್ನು ಅವನು ಮೇಷ್ಟ್ರಿಗೆ ಮುಚ್ಚುಮರೆಯಿಲ್ಲದೆ ಹೇಳಿದ್ದ. "ನೀವು ಹಿಂದೆ ಬಿದ್ರೆ ನಾನು ಸತ್ತಂಗೆ, ಮೇಷ್ಟ್ರೇ." ಅವನ ತಾಯಿ ಹನುಮಂತಮ್ಮ ಕೂಲಿ ಬಿಟ್ಟು ಬಂದು ಶಾಲೆಯ ಬಯಲಿನಲ್ಲಿ ಬೆಳಗಿನಿಂದ ಕೂತಿದ್ದಳು.

ಕಾರೆಯ ಮೆಳೆ ತಿಪ್ಪೇಶಪ್ಪ ಹೇಳಿದಂತೆಯೇ ಇತ್ತು. ಮೇಷ್ಟ್ರ ಅಂಗಿ ಎರಡು ಕಡೆ ಹರಿಯಿತು. ಕುತ್ತಿಗೆ ಗೀಚಿ ರಕ್ತ ಬಂತು. ಆದರೂ ಐದನೆಯ ಬಟ್ಟೆ ಅವರು ಎಣಿಸಿದ ಹೆಜ್ಜೆಗೇ ಸಿಕ್ಕಿತು. ಹಸಿರು ಪೆನ್ಸಿಲಿನಿಂದ ಗೀಟು ಎಳೆದು ಅವರು ಅವನ ಮುಖ ನೋಡಿದರು.

"ಬಂತಲ್ಲ?"

"ಬಂತು. ಹಳ್ಳದಾಗೆ ಬಂದಿದ್ರೆ ಚರ್ಮ ಸಮೇತ ಬರ್ತಿದ್ವಿ."

ಸಾಸ್ವೆಹಳ್ಳಿಯ ಅಣ್ಣತಮ್ಮಂದಿರ ಜೋಡಿ ಆಗಲೇ ಮುಂದೆ ಹೋಗಿತ್ತು. ಎರಡನೆಯ ಸ್ಥಾನ ಇನ್ನೂ ಇವರದೇ ಇತ್ತು. ನೂರು ಗಜ ಓಡಿರಬಹುದು, ಮೇಷ್ಟ್ರು ಬೆವರು ಒರೆಸಲು ಎದೆಯ ಮೇಲೆ ಕೈ ಇಟ್ಟವರು ನಿಂತುಬಿಟ್ಟರು. ಅಂಗಿಯ ಒಳಗೆ ಕೈ ಹಾಕಿದರು. ಸೊಂಟದ ಸುತ್ತ ತಡಕಾಡಿದರು. ಶಿವದಾರ ಇರಲಿಲ್ಲ. ಬೆಳ್ಳಿಯ ಕರಡಿಗೆಯೂ, ಅದರೊಳಗಿನ ಇಷ್ಟಲಿಂಗವೂ ಇರಲಿಲ್ಲ.

"ಲಿಂಗ ಬಿದ್ದಿದೆ," ಎಂದರು.

ಲಿಂಗ ಮೈಯಿಂದ ಅಗಲಿದರೆ ಅದು ಮರಳಿ ಸಿಕ್ಕುವವರೆಗೆ ಹನಿ ನೀರನ್ನೂ, ಬಾಯೊಳಗಿನ ಉಗುಳನ್ನೂ ನುಂಗಬಾರದೆಂದು ಅವರ ತಾಯಿ ಶಿವಗಂಗಮ್ಮ ಕಲಿಸಿದ್ದರು. ಸಿಕ್ಕದೆ ಹೋದಾಗ ಪ್ರಾಣ ಬಿಟ್ಟವರ ಹೆಸರುಗಳನ್ನೂ ಹೇಳಿದ್ದರು. ಮೇಷ್ಟ್ರು ಬಾಯಲ್ಲಿದ್ದುದನ್ನು ಉಗುಳಿ ಬಂದ ದಾರಿಗೆ ತಿರುಗಿದರು.

"ಎಲ್ಲಿಗ್ರೀ? ಇನ್ನೆರಡೇ ಗುರುತು ಐತೆ!"

"ನಿನಗೆ ತಿಳಿಯಲ್ಲ. ನೀನು ಹೋಗು."

"ನಾನೊಬ್ನೇ ಹೋಗಿ ಏನ್ ಮಾಡ್ಲಿ?"

ಮೇಷ್ಟ್ರು ಆಗಲೇ ಮೆಳೆಯೊಳಗೆ ಮಂಡಿಯೂರಿದ್ದರು. ತಿಪ್ಪೇಶಪ್ಪ ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈಯಿಟ್ಟು ನಿಂತು, ಬೈದುಕೊಳ್ಳುತ್ತಾ, ತಾನೂ ಇನ್ನೊಂದು ಕಡೆಯಿಂದ ಮೆಳೆಯನ್ನು ಹೊಕ್ಕ. ಒಣಗಿದ ಎಲೆ, ಹಾವಿನ ಪೊರೆ, ಆಡಿನ ಹಿಕ್ಕೆ ಬಿಟ್ಟು ಮೇಷ್ಟ್ರಿಗೆ ಏನೂ ಕಾಣಲಿಲ್ಲ. ನ್ಯಾಮತಿಯ ಜೋಡಿ ಹಳ್ಳದ ದಂಡೆಯ ಮೇಲೆ ಓಡುತ್ತಾ ಬಂತು. ಅದರಲ್ಲೊಬ್ಬ, ಜಯಪ್ಪನೆಂಬ ಪೊಲೀಸ್ ಪೇದೆ, ಕೂಗಿದ.

"ಏನ್ ಉದುರಿಸ್ಕಂಡ್ರಿ ಮೇಷ್ಟ್ರೇ? ದಮ್ಮಾ?"

ಅವರ ನಗು ಗುಡ್ಡದ ತಿರುವಿನವರೆಗೂ ಕೇಳಿಸಿತು.

ಕಾಲು ಗಂಟೆ ಕಳೆದಿರಬೇಕು. ಮೆಳೆಯ ಆ ತುದಿಯಿಂದ ತಿಪ್ಪೇಶಪ್ಪ ಓಡುತ್ತಾ ಬಂದ. ಮೊಳಕೈವರೆಗೆ ಗೀಚಿ ಹೋಗಿತ್ತು. ಆದರೆ ಮುಖ ಅರಳಿತ್ತು.

"ಮೇಷ್ಟ್ರೇ, ಸಿಕ್ತು! ಮುಳ್ಳಿನ ಕೊಂಬೆಗೆ ನೇತು ಬಿದ್ದಿತ್ತು, ನಾನು..."

ಮೇಷ್ಟ್ರು ಎದ್ದು ನಿಂತರು. "ನೀನು ಮುಟ್ಟಲಿಲ್ಲ ತಾನೆ?"

ತಿಪ್ಪೇಶಪ್ಪನ ಮಾತು ಅಲ್ಲಿಗೇ ನಿಂತಿತು. ಅಂಗಿಯ ಕಡೆಗೆ ಹೋಗಿದ್ದ ಕೈ ಕೆಳಗಿಳಿಯಿತು. ಅವನು ಮೇಷ್ಟ್ರನ್ನು ನೋಡಿದ. ಮೇಷ್ಟ್ರು ಅವನ ಕೈಗಳನ್ನು ನೋಡುತ್ತಿದ್ದರು.

"ಇಲ್ಲ," ಎಂದ.

"ಎಲ್ಲಿದೆ? ತೋರಿಸು."

"ತೋರಿಸ್ತೀನಿ. ಮೊದ್ಲು ಗೆರೆ ದಾಟನ ಬರ್ರಿ."

"ಏನಂದೆ?"

"ಗೆರೆ ದಾಟಿದ ಮ್ಯಾಲೆ ಹೇಳ್ತೀನಿ. ಅಲ್ಲೀತನ ಹೇಳಲ್ಲ."

ಮೇಷ್ಟ್ರು ಅವನ ಮೇಲೆ ಏರಿ ಹೋದರು. ಹೊಡೆಯಲು ಎತ್ತಿದ ಕೈ ಅವನ ಮೈ ತಾಗುವ ಮುಂಚೆ ನಿಂತಿತು. ತಿಪ್ಪೇಶಪ್ಪ ಅದನ್ನೂ ನೋಡಿದ.

"ಹೊಡೀರಿ. ಹೊಡಿಯಾಕೂ ಮೈಲಿಗೆ ಆಗ್ತೈತಾ?"

"ದೇವರ ವಿಷಯದಲ್ಲಿ ವ್ಯಾಪಾರ ಮಾಡ್ತೀಯಾ? ನಿನಗೆ ಒಳ್ಳೇದಾಗಲ್ಲ ಕಣೋ."

"ಇಲ್ಲೀತನ ಏನ್ ಒಳ್ಳೇದಾಗೈತೆ ಮೇಷ್ಟ್ರೇ? ಬರ್ತೀರೋ, ಇಲ್ಲೇ ಮುಳ್ಳು ಎಣಿಸ್ತೀರೋ?"

ಅವನು ತಿರುಗಿ ಓಡಿದ. ಮೇಷ್ಟ್ರು ಒಮ್ಮೆ ಮೆಳೆಯನ್ನು ನೋಡಿದರು. ಅದು ಎರಡು ಫರ್ಲಾಂಗು ಉದ್ದವಿತ್ತು. ಅವರು ಅವನ ಹಿಂದೆ ಓಡಿದರು.

ಆಮೇಲೆ ದಾರಿಯನ್ನು ತಿಪ್ಪೇಶಪ್ಪನೇ ಹಿಡಿದ. ಮೇಷ್ಟ್ರು ಬೇಡವೆನ್ನಲಿಲ್ಲ. ಹಳ್ಳದೊಳಗಿಂದ ಇಳಿದು, ಬಂಡೆಯ ಸಂದಿಯಲ್ಲಿ ಹತ್ತಿ, ಆರನೆಯ ಬಟ್ಟೆಯನ್ನು ಅವರು ಮುಟ್ಟುವಾಗ ನ್ಯಾಮತಿಯವರು ಕೆಳಗೆ ದಾರಿ ತಪ್ಪಿ ಒಬ್ಬರನ್ನೊಬ್ಬರು ಬೈಯುವುದು ಕೇಳಿಸುತ್ತಿತ್ತು. ಏಳನೆಯದನ್ನೂ ಅವರಿಗಿಂತ ಮೊದಲು ಇವರೇ ಮುಟ್ಟಿದರು. ಮೇಷ್ಟ್ರು ಹತ್ತು ಹೆಜ್ಜೆಗೊಮ್ಮೆ ಉಗುಳುತ್ತಿದ್ದರು. ಕೊನೆಗೆ ಉಗುಳಲು ಬಾಯಲ್ಲಿ ಏನೂ ಉಳಿಯಲಿಲ್ಲ. ನಾಲಿಗೆ ಅಂಗುಳಿಗೆ ಅಂಟಿತು. ಕೊರಳು ತಾನೇ ತಾನಾಗಿ ನುಂಗಲು ಹೋದಾಗಲೆಲ್ಲ ಅವರು ಮನಸ್ಸಿನಲ್ಲಿ ಶಿವ ಶಿವ ಎಂದು ತಡೆದರು. ಮುಂದೆ ಓಡುತ್ತಿದ್ದವನ ಬೆನ್ನಿನ ಮೇಲೆ ಅವರಿಗೆ ಇದ್ದಷ್ಟು ದ್ವೇಷ ಮಗನನ್ನು ಕೊಂಡೊಯ್ದ ಜ್ವರದ ಮೇಲೂ ಇರಲಿಲ್ಲ.

ಶಾಲೆಯ ಬಯಲು ಕಂಡಿತು. ಜನ ಎರಡು ಸಾಲಾಗಿ ನಿಂತು ಕೂಗುತ್ತಿದ್ದರು. ತಿಪ್ಪೇಶಪ್ಪ ಸುಣ್ಣದ ಗೆರೆಯನ್ನು ದಾಟಿ ಹಿಂತಿರುಗಿ ನೋಡಿದ. ಮೇಷ್ಟ್ರು ಗೆರೆಗೆ ಒಂದು ಗೇಣು ಈಚೆಗೆ ನಿಂತಿದ್ದರು.

"ಕಾಲಿಡ್ರೀ ಮೇಷ್ಟ್ರೇ! ಎರಡನೇದು ನಿಮ್ದೇ!" ಎಂದು ಗಡಿಯಾರ ಹಿಡಿದಿದ್ದ ಸಂಘದ ಕಾರ್ಯದರ್ಶಿ ಕೊಟ್ರಬಸಪ್ಪ ಕೂಗಿದರು.

ಮೇಷ್ಟ್ರು ಅವರ ಕಡೆ ನೋಡಲಿಲ್ಲ. "ಈಗ ಹೇಳು," ಎಂದರು ತಿಪ್ಪೇಶಪ್ಪನಿಗೆ. ಒಣಗಿದ ಗಂಟಲಿನಿಂದ ಮಾತು ತರಗೆಲೆಯಂತೆ ಬಂತು. "ಎಲ್ಲಿದೆ?"

"ದಾಟ್ರಿ. ಕೊಡ್ತೀನಿ."

"ಹೇಳದೆ ದಾಟಲ್ಲ."

"ಮೇಷ್ಟ್ರೇ, ಅವ್ರು ಬಂದ್ರು ಕಣ್ರೀ!"

ಹುಣಸೆಮರದ ತಿರುವಿನಲ್ಲಿ ನ್ಯಾಮತಿಯವರು ಕಾಣಿಸಿಕೊಂಡಿದ್ದರು. ಜಯಪ್ಪ ಮುಂದಿದ್ದ. ಜನ ಇವರಿಗೂ ಅವರಿಗೂ ಒಟ್ಟಿಗೇ ಕೂಗತೊಡಗಿದರು. ತಿಪ್ಪೇಶಪ್ಪ ತಿರುವನ್ನು ನೋಡಿದ, ಮೇಷ್ಟ್ರ ಕಾಲುಗಳನ್ನು ನೋಡಿದ. ಆಮೇಲೆ ಅಂಗಿಯ ಒಳಗೆ ಕೈ ಹಾಕಿ ತೆಗೆದು, ಗೆರೆಯ ಆಚೆಯಿಂದ ಅಂಗೈ ಚಾಚಿದ. ಅದರ ಮೇಲೆ ಬೆಳ್ಳಿಯ ಕರಡಿಗೆ ಇತ್ತು. ಹರಿದ ಶಿವದಾರವನ್ನು ಗಂಟು ಹಾಕಿ ಅದಕ್ಕೆ ನೀಟಾಗಿ ಸುತ್ತಿದ್ದ.

"ಮುಟ್ಟೀನಿ," ಎಂದ. "ಅಲ್ಲೇ ಬಿಟ್ಟು ಬರಾಕೆ ಮನಸಾಗ್ಲಿಲ್ಲ. ಕೊಡಾಕೇ ಬಂದಿದ್ದೆ. ತಗಳ್ರಿ, ತಗಂಡು ದಾಟ್ರಿ."

ಮೇಷ್ಟ್ರ ಬಲಗೈ ಮೇಲೆದ್ದಿತು. ಕರಡಿಗೆಗೆ ನಾಲ್ಕು ಬೆರಳಿನಷ್ಟು ದೂರದಲ್ಲಿ ನಿಂತಿತು. ಆ ಕೈ ಅಲ್ಲಿಂದ ಹಿಂದೆ ಸರಿದು ಚಡ್ಡಿಯ ಜೇಬಿಗೆ ಹೋಯಿತು. ಜೇಬಿನಲ್ಲಿ ಕರವಸ್ತ್ರವಿತ್ತು. ಬೆವರಿನಿಂದ ತೊಯ್ದು ಅದು ಒಳಬಟ್ಟೆಗೆ ಅಂಟಿಕೊಂಡಿತ್ತು. ಮೇಷ್ಟ್ರು ಎಳೆದರು. ಜೇಬು ಸಮೇತ ಹೊರಗೆ ಬಂತು. ಬಿಡಿಸಿ, ಕೊಡವಿ, ಎರಡೂ ಕೈಗಳ ಮೇಲೆ ಹರಡಿ ಅವರು ತಲೆಯೆತ್ತುವಾಗ ಅವರ ಎಡಕ್ಕೆ ಗಾಳಿ ಬೀಸಿದಂತಾಯಿತು. ಜಯಪ್ಪ ಮತ್ತು ಅವನ ಜೊತೆಗಾರ ಗೆರೆಯನ್ನು ದಾಟಿ ಬಯಲಿನ ಮಣ್ಣಿನ ಮೇಲೆ ಬಿದ್ದರು. ಕೊಟ್ರಬಸಪ್ಪನವರು ಸೀಟಿ ಊದಿದರು.

ತಿಪ್ಪೇಶಪ್ಪನ ಅಂಗೈ ಹಾಗೆಯೇ ಚಾಚಿಕೊಂಡಿತ್ತು. ಅವನು ಅದನ್ನು ನಿಧಾನವಾಗಿ ಓರೆ ಮಾಡಿದ. ಕರಡಿಗೆ ಬಿಳಿಯ ಬಟ್ಟೆಯೊಳಗೆ ಜಾರಿತು.

ಮೇಷ್ಟ್ರು ಗೆರೆ ದಾಟಿದರು. "ಮೂರನೇದು," ಎಂದು ಕೊಟ್ರಬಸಪ್ಪನವರು ಬರೆದುಕೊಂಡರು. ಮೇಷ್ಟ್ರು ಬೇವಿನ ಮರದ ಮರೆಗೆ ಹೋಗಿ ಲಿಂಗವನ್ನು ಕಣ್ಣಿಗೊತ್ತಿಕೊಂಡು ಕೊರಳಿಗೆ ಹಾಕಿಕೊಂಡರು. ತಿಪ್ಪೇಶಪ್ಪ ಹಾಕಿದ್ದ ಗಂಟು ಕುತ್ತಿಗೆಯ ಗಾಯಕ್ಕೆ ಒತ್ತಿತು. ಬಿಚ್ಚಿ ಬೇರೆ ಹಾಕೋಣವೆಂದರೆ ಅದು ಬಿಗಿಯಾಗಿತ್ತು.

ಸಂಘದವರು ಲೋಟದಲ್ಲಿ ಮಜ್ಜಿಗೆ ತಂದು ಕೊಟ್ಟರು. "ಕುಡೀರಿ ಮೇಷ್ಟ್ರೇ, ತುಟಿ ಒಡೆದೈತೆ." ಅವರು ಲೋಟವನ್ನು ಬಾಯಿಯ ಹತ್ತಿರ ತಂದರು. ಒಂದು ಗುಟುಕು ಬಾಯೊಳಗೆ ಹೋಯಿತು. ಅದು ಕೆಳಗಿಳಿಯಲಿಲ್ಲ.

ಬಯಲಿನ ಆಚೆ ಬೇಲಿಯ ಬುಡದಲ್ಲಿ ಹನುಮಂತಮ್ಮ ಕೂತಿದ್ದಳು. ತಿಪ್ಪೇಶಪ್ಪ ಹೋಗಿ ಅವಳ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತ.

"ಎಷ್ಟನೇದಪ್ಪಾ ಬಂದಿದ್ದು?" ಎಂದು ಅವಳು ಕೇಳಿದಳು.

ಅವನು ತನ್ನ ಅಂಗೈ ನೋಡಿಕೊಂಡ. ಅವಳು ಅವನ ಬಲಗೈಯನ್ನು ಎಳೆದು ತನ್ನ ಮಂಡಿಯ ಮೇಲೆ ಇಟ್ಟುಕೊಂಡಳು. ರವಿಕೆಗೆ ಚುಚ್ಚಿದ್ದ ಪಿನ್ನು ತೆಗೆದು, ಅಂಗೈಯನ್ನು ಬಿಸಿಲಿಗೆ ತಿರುಗಿಸಿ, ಬಗ್ಗಿ, ಒಂದೊಂದೇ ಮುಳ್ಳನ್ನು ಕೀಳತೊಡಗಿದಳು.