ಬೀಳದ ಪೆಟ್ಟು

“ಇದು ಹೊಡೆದೇ ಇಲ್ಲ,” ಎಂದಳು ಆಸ್ಪತ್ರೆಯ ಟೆಕ್ನಿಷಿಯನ್ ಹುಡುಗಿ, ಪರದೆಯಿಂದ ಕಣ್ಣು ತೆಗೆಯದೆ. “ಹಾಕಿದಾಗಿಂದ ಒಂದು ಸಲನೂ ಶಾಕ್ ಕೊಟ್ಟಿಲ್ಲ.”

ಕ್ಷೌರದಂಗಡಿಯವನು ಅಂಗಿ ಬಿಚ್ಚಿ ಕೂತಿದ್ದ. ಎಡ ಭುಜದ ಕೆಳಗೆ, ಚರ್ಮದಡಿಯಲ್ಲಿ ಸೋಪಿನ ಬಿಲ್ಲೆಯಂತೆ ಉಬ್ಬಿಕೊಂಡಿತ್ತು ಆ ಡಬ್ಬಿ. ಎದೆಬಡಿತ ದಾರಿ ತಪ್ಪಿದರೆ ಒದ್ದು ಸರಿಮಾಡಲೆಂದು ಡಾಕ್ಟರು ಇಟ್ಟದ್ದು. ಅದನ್ನು ಕಂಡರೇ ಅವನಿಗೆ ಹೇಸಿಗೆ. ಸ್ನಾನ ಮಾಡುವಾಗಲೂ ಅಲ್ಲಿಗೆ ಕೈ ತಾಗಿಸುತ್ತಿರಲಿಲ್ಲ.

“ಹೊಡೀದೆ ಏನಮ್ಮ? ಮೇಷ್ಟ್ರಿಗೆ ಶೇವ್ ಮಾಡ್ತಿದ್ದೆ, ಎದೆಗೆ ಜಾಡಿಸಿ ಒದ್ದಂಗಾಯ್ತು. ಕತ್ತಿ ಜಾರಿ ಅವರ ಕಿವಿ ಕುಯ್ದುಹೋಯ್ತು. ಎಂಟು ತಿಂಗಳಿಂದ ನಾನು ಕತ್ತಿ ಮುಟ್ಟಿಲ್ಲ!”

“ಆ ದಿನದ ದಾಖಲೆನೂ ನೋಡಿದೆ ಅಣ್ಣ. ನಿಮಗೆ ನೋವಾಗಿದ್ದು ಸುಳ್ಳಲ್ಲ, ಯಂತ್ರ ಹೊಡೆದಿಲ್ಲ ಅಷ್ಟೇ. ಹೆದರಿದ ಮನಸ್ಸು ಹಾಗೆ ಮಾಡುತ್ತೆ, ಬಹಳ ಜನಕ್ಕೆ ಆಗುತ್ತೆ. ಮೇಲ್ಗಡೆ ಇದಕ್ಕೇ ಅಂತ ಒಬ್ರು ಡಾಕ್ಟರಿದಾರೆ, ಹೋಗಿ ಮಾತಾಡಿ.”

ಅಂಗಿ ತೊಟ್ಟು, ಅವಳು ಬರೆದುಕೊಟ್ಟ ಚೀಟಿಯನ್ನು ಜೇಬಿಗೆ ತುರುಕಿಕೊಂಡು ಅವನು ಎದ್ದ. ಯಂತ್ರವೇ ಒದ್ದಿದ್ದರೆ ಒಂದು ಮರ್ಯಾದೆಯಾದರೂ ಇರುತ್ತಿತ್ತು. ತನ್ನದೇ ಪುಕ್ಕಲು ಬುದ್ಧಿ ತನ್ನನ್ನು ಒದ್ದು, ಸ್ವಂತ ಅಂಗಡಿಯಲ್ಲಿ ಕಂಡವರ ಕೂದಲು ಗುಡಿಸಲು ಹಚ್ಚಿತ್ತು. ಎಂಟು ತಿಂಗಳು! ಥೂ!

ಅಂಗಡಿಯಲ್ಲಿ ಅವನ ತಮ್ಮ ಹೊಸ ಗಿರಾಕಿಯೊಬ್ಬನಿಗೆ ಅದೇ ಪುರಾಣ ಬಿಚ್ಚಿದ್ದ. “ಕಿಡಿ ಹಾರ್ತು ಸಾರ್, ನಾನೇ ಕಣ್ಣಾರೆ ನೋಡ್ದೆ!” ಬೆಂಚಿನ ಮೇಲಿದ್ದ ಮೇಷ್ಟ್ರು ಪದಕ ತೋರಿಸುವವರಂತೆ ಕಿವಿಯ ಕಲೆ ತೋರಿಸಿದರು. ಗಿರಾಕಿ ಅಣ್ಣನನ್ನು ಕಂಡದ್ದೇ ಹಲ್ಲು ಕಿಸಿದು, “ಆ ಡಬ್ಬಿ ಒಂಚೂರು ಮುಟ್ಟಿ ನೋಡ್ಲಾ?” ಎಂದ. ಅಣ್ಣ ಅಂಗಿಯ ಗುಂಡಿಯನ್ನು ಕುತ್ತಿಗೆಯವರೆಗೂ ಹಾಕಿಕೊಂಡ.

“ಕಿಡಿನೂ ಇಲ್ಲ, ಮಣ್ಣೂ ಇಲ್ಲ. ಅದು ಹೊಡೆದೇ ಇಲ್ವಂತೆ. ಎಲ್ಲಾ ನನ್ನ ತಲೇಲೇ ಆಗಿದ್ದಂತೆ.”

ಗಿರಾಕಿ ಕನ್ನಡಿ ನೋಡತೊಡಗಿದ. ಅಣ್ಣ ಅಭ್ಯಾಸಬಲದಿಂದ ಪೊರಕೆ ಎತ್ತಿಕೊಂಡ. ಎಣ್ಣೆ ಹತ್ತಿದ ಕೂದಲ ಮುದ್ದೆಯೊಂದು ಕಾಲಿಗೆ ಮೆತ್ತಿಕೊಂಡಿತು. ಪೊರಕೆಯನ್ನು ಮೂಲೆಗೆ ಎಸೆದ.

ಮೇಷ್ಟ್ರು ಎದ್ದುಹೋಗಿ ಖಾಲಿ ಕುರ್ಚಿಯಲ್ಲಿ ಕೂತರು. “ಇನ್ನೊಂದು ಕಿವಿ ನೆಟ್ಟಗಿದೆಯಲ್ಲ, ಬಾರಯ್ಯ.”

“ಅಣ್ಣಾ, ಬೇಡ, ನಾನೇ ಮಾಡ್ತೀನಿ,” ಎಂದ ತಮ್ಮ.

“ನೀನು ಬಾಯಿ ಮುಚ್ಕೊಂಡು ನಿನ್ನ ಕೆಲಸ ನೋಡು.”

ಕತ್ತಿಗೆ ಹೊಸ ಬ್ಲೇಡು ಸಿಕ್ಕಿಸಿದ. ನೊರೆ ಹಚ್ಚಿದ. ಎರಡೂ ಕೆನ್ನೆ ಸಲೀಸಾಗಿ ಮುಗಿದವು. ಕುತ್ತಿಗೆಗೆ ಕತ್ತಿ ಇಡಬೇಕು ಅನ್ನುವಷ್ಟರಲ್ಲಿ ಬಂತು: ಅದೇ ಒದೆತ, ಅದೇ ಜಾಗ, ಕಣ್ಣು ಕತ್ತಲಿಟ್ಟಿತು. ಸುಳ್ಳೆಂದು ಗೊತ್ತಿದ್ದೂ ಅದು ಬಿಡಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತ. ಕತ್ತಿ ಹಿಡಿದ ಕೈ ಮಾತ್ರ ಚರ್ಮದಿಂದ ಎರಡು ಬೆರಳು ದೂರದಲ್ಲಿ ತಡೆದು ನಿಂತಿತ್ತು. ತಮ್ಮ ಕೂಡ ಗಮನಿಸಿರಲಿಲ್ಲ.

“ಥೂ, ದರಿದ್ರದ್ದೇ,” ಎಂದು ಹಲ್ಲು ಕಚ್ಚಿ ಬೈದ.

“ಯಾರಿಗಯ್ಯಾ ಅದು?” ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ಕೇಳಿದರು.

“ನಿಮಗಲ್ಲ. ಗದ್ದ ಸ್ವಲ್ಪ ಮೇಲೆತ್ತಿ.”

ಮೇಷ್ಟ್ರು ಎತ್ತಿದರು.