ಕುಣಿಕೆ ಇಲ್ಲದ ಕೋಟು

ಕೋಟು ಬಿಟ್ಟಾಗ ಕೊಟ್ಟ ನಂಬರಿನ ಬಿಲ್ಲೆಯ ಅಂಚು ಅಂಗೈಗೆ ಒತ್ತುತ್ತಿದೆ, ಎಂಬತ್ಮೂರು, ಎಂಟರ ಹೊಟ್ಟೆ ಸವೆದು ಅದೂ ಮೂರರ ಹಾಗೇ ಕಾಣುತ್ತದೆ, ಒತ್ತುತ್ತಿದೆ ಎಂದು ಗೊತ್ತಾಗುತ್ತಿದೆಯೇ ಹೊರತು ನೋಯುತ್ತಿಲ್ಲ, ಹಲ್ಲಿನ ಡಾಕ್ಟರು ಮದ್ದು ಚುಚ್ಚಿದ ಮೇಲೆ ತುಟಿ ತನ್ನದಲ್ಲ ಅನ್ನಿಸುತ್ತದಲ್ಲ, ವಿತೋಲ್ದ್‌ಗೆ ಬೆಳಗಿನಿಂದ ಮೈಯೆಲ್ಲ ಹಾಗೇ ಆಗಿದೆ — ವೇದಿಕೆಯ ಮೇಲೆ ವಿದ್ಯಾರ್ಥಿ ಸಂಘದವರಿಗೆ ಆರು ಕುರ್ಚಿ, ಅವನದು ಕೊನೆಯದು, ಕೆಳಗೆ ಮುನ್ನೂರು ಜನ ಮೊದಲ ವರ್ಷದವರು, ಕ್ರೀಡಾ ಪ್ರತಿನಿಧಿ ಎದ್ದ, ನನ್ನ ಹೆಸರು ಇದು, ಓದೋದು ಇದು, ಏನೇ ಇದ್ರೂ ಬನ್ನಿ ಅಂದ, ಕೂತ, ಚಪ್ಪಾಳೆ, ಹಾಸ್ಟೆಲ್ ಪ್ರತಿನಿಧಿ ಎದ್ದಳು, ಬಿಸಿನೀರು ಬರದಿದ್ರೆ ನನಗೆ ಹೇಳಿ, ಬಂದ್ರೆ ದೇವರಿಗೆ ಹೇಳಿ ಅಂದಳು, ನಗು, ಚಪ್ಪಾಳೆ, ಒಬ್ಬೊಬ್ಬರಿಗೆ ಒಂದು ನಿಮಿಷ, ಹೆಸರು, ವಿಭಾಗ, ಹುದ್ದೆ, ಅಷ್ಟೇ ತಾನೇ — ಆದರೆ ಮೈಕ್ ಇದೆ, ಮೈಕಿನಲ್ಲಿ ಆಡಿದ್ದೆಲ್ಲ ಹೊರಗಿನ ಪಡಸಾಲೆಯ ಸ್ಪೀಕರಿಗೆ ಹೋಗುತ್ತದೆ, ತಡವಾಗಿ ಬಂದವರೂ ಕೇಳಲಿ ಅಂತ, ಸ್ಪೀಕರಿನ ಕೆಳಗೆ ಕೋಟು ಬಿಡುವ ಕೊಠಡಿ, ಅದರ ಕಟ್ಟೆಯ ಹಿಂದೆ ನೀಲಿ ನಿಲುವಂಗಿ ತೊಟ್ಟು ಅಮ್ಮ ಕೂತಿದ್ದಾಳೆ, ಕಾಲರಿಗೆ ಒಂದು ಸೂಜಿ ಚುಚ್ಚಿಕೊಂಡು, ಸೂಜಿಗೆ ಕರಿ ದಾರ ಸುತ್ತಿಕೊಂಡು.

ಸೂಜಿ ಯಾವಾಗಲೂ ಅಲ್ಲೇ ಇರುತ್ತದೆ. ಕುಣಿಕೆ ಇಲ್ಲದ ಕೋಟು ತಗೊಳ್ಳಲ್ಲ ಎಂದು ಗಾಜಿನ ಮೇಲೆ ಬರೆದು ಅಂಟಿಸಿದವಳೂ ಅವಳೇ, ಕತ್ತಿನ ಹಿಂದೆ ಮೊಳೆಗೆ ಸಿಕ್ಕಿಸುವ ಕುಣಿಕೆ ಕಿತ್ತುಹೋದ ಕೋಟನ್ನು ಬೈದುಕೊಂಡೇ ತಗೊಂಡು ಹೊಲಿದು ಕೊಡುವವಳೂ ಅವಳೇ, ಇದನ್ನೇನು ಕತ್ತು ಹಿಡಿದು ಮೊಳೆಗೆ ನೇತು ಹಾಕ್ಲಾ ಸ್ವಾಮಿ, ಇಷ್ಟುದ್ದ ಬೆಳೆದಿದೀರಿ, ಮನೇಲಿ ಒಂದು ಸೂಜಿ ಇಲ್ವಾ — ಹುಡುಗರಿಗೆಲ್ಲ ಭಯ, ಭಯಕ್ಕಿಂತ ಹೆಚ್ಚು ಪ್ರೀತಿ, ಬೊಝೆನಾ ಮೇಡಂ, ಬೊಝೆನಾ ಮೇಡಂ, ಡೀನ್ ಕೈಲಿ ಸಹಿ ಹಾಕಿಸ್ಕೋಬಹುದು, ಬೊಝೆನಾ ಮೇಡಂ ಕಣ್ಣು ತಪ್ಪಿಸಕ್ಕಾಗಲ್ಲ ಎನ್ನುತ್ತಾಳೆ ಕಲೀನಾ, ಕಲೀನಾ ಸಂಘದ ಅಧ್ಯಕ್ಷೆ, ಅವನ ಗೆಳತಿ, ಅವನದೆಲ್ಲ ಅವಳಿಗೆ ಗೊತ್ತು, ಅವನು ಪ್ರೀತಿಸಿದ ಹುಡುಗನ ಹೆಸರು, ಆ ಹುಡುಗ ಬಿಟ್ಟುಹೋದ ತಾರೀಖು, ಎಲ್ಲ, ಇದೊಂದು ಬಿಟ್ಟು — ಬೊಝೆನಾ ಮೇಡಂ ಅವನ ತಾಯಿ ಅನ್ನುವುದು. ಮೊದಲ ವರ್ಷ, ಮೊದಲ ವಾರ, ಅಡುಗೆಮನೆಯಲ್ಲಿ ಅವಳು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು, ಅಮ್ಮ, ಕಾಲೇಜಲ್ಲಿ ನನ್ನ ಮಾತಾಡಿಸ್ಬೇಡ, ಯಾಕೋ, ಅಲ್ಲಿ ಎಲ್ಲರ ಅಪ್ಪಂದಿರೂ ವಕೀಲರು ಅಮ್ಮ, ಚಾಕು ನಿಲ್ಲಲಿಲ್ಲ, ಸಿಪ್ಪೆ ಒಂದೇ ಎಳೆಯಾಗಿ ಇಳಿಯುತ್ತಾ ಹೋಯಿತು, ಆಯ್ತು ಬಿಡು ವಿತೆಕ್, ನನಗೇನು, ಮನೆಯಲ್ಲಿ ಅವನು ವಿತೆಕ್, ಮಾರನೆಯ ದಿನದಿಂದ ಅಲ್ಲಿ ನಂಬರ್ ತಗೊಳ್ಳಿ ಸ್ವಾಮಿ, ಮೂರು ವರ್ಷ ತುಂಬಿತು, ಒಂದು ದಿನ ಬಾಯಿ ತಪ್ಪಲಿಲ್ಲ, ಮಾತು ಅಂದರೆ ಮಾತು ಅವಳದು. ನಾಚಿಕೆಯಾಗಬೇಕು, ಬೇರೆ ದಿನವಾದರೆ ಆಗುತ್ತದೆ, ಇವತ್ತು ಅದೂ ಆಗುತ್ತಿಲ್ಲ. ಒಂದೇ ಬಸ್ಸು, ಅವಳು ಮುಂದೆ, ಅವನು ಹಿಂದೆ, ಅವನು ಒಂದು ಸ್ಟಾಪ್ ಮೊದಲೇ ಇಳಿದು ನಡೆದು ಬರುತ್ತಾನೆ, ಸಂಜೆ ಮನೆಯಲ್ಲಿ ಮಾತ್ರ ಅವಳ ನಗೆಗೆ ತಡೆಯಿಲ್ಲ, ಸ್ಪೀಕರಲ್ಲಿ ಕೇಳಿ ಕೇಳಿ ನಾನೂ ಅರ್ಧ ಲಾಯರು ಕಣೋ, ಆಸ್ತಿ ಭಾಗ ಮಾಡೋದು ಹೆಂಗೆ ಕೇಳು, ಹೇಳ್ತೀನಿ, ನಮ್ಮತ್ರ ಆಸ್ತಿ ಒಂದಿಲ್ಲ ನೋಡು. ಇವತ್ತು ಬೆಳಿಗ್ಗೆ, ಕಲೀನಾಗೆ ಗೊತ್ತಿರುವುದನ್ನು ಅಮ್ಮನಿಗೂ ಹೇಳಿಬಿಡಬೇಕು ಅಂತಲೇ ಎದ್ದಿದ್ದ, ಬ್ರೆಡ್ಡಿನ ಮೇಲೆ ಬಿಳಿ ಚೀಸ್ ಹಚ್ಚಿ ಈರುಳ್ಳಿ ಉದುರಿಸುತ್ತಿದ್ದಳು, ಅಮ್ಮ, ನಾನು — ಅಯ್ಯೋ ನಿನ್ನ ಕೋಟಿನ ಕುಣಿಕೆ ಕಿತ್ತಿದೆಯಲ್ಲೋ, ತೆಗಿ, ಎರಡು ಹೊಲಿಗೆ ಹಾಕ್ತೀನಿ — ಟೈಮಿಲ್ಲ ಅಮ್ಮ, ಬಸ್ಸು ಬಂತು. ಆಮೇಲೆ ಕಟ್ಟೆಯ ಮುಂದೆ, ಪಕ್ಕದಲ್ಲಿ ಕಲೀನಾ, ಕುಣಿಕೆ ಎಲ್ಲಿ ಸ್ವಾಮಿ, ಕಾನೂನು ಓದೋರು ನೀವು, ಗಾಜಿನ ಮೇಲೆ ಬರೆದಿದ್ದು ಓದಕ್ಕೆ ಬರಲ್ವಾ, ಕಲೀನಾ ಕಿಸಕ್ಕೆಂದಳು, ಅಮ್ಮನ ಕಣ್ಣಲ್ಲೂ ಒಂದು ಚೂರು ನಗು, ಕಾಲರಿನಲ್ಲಿ ಸೂಜಿ ಮಿಂಚಿತು, ಬಿಲ್ಲೆ ಕೈಗಿಟ್ಟಳು, ಎಂಬತ್ಮೂರು.

ಮೈಕ್ ಬೇಡ, ದೊಡ್ಡ ದನಿಯಲ್ಲೇ ಹೇಳಿದರಾಯಿತು ಎಂದು ಲೆಕ್ಕ ಹಾಕಿದ್ದ, ಒಳಗಿನವರಿಗೆ ಕೇಳಬೇಕು, ಪಡಸಾಲೆಗೆ ಕೇಳಬಾರದು, ಹಾವೂ ಸಾಯಬಾರದು ಕೋಲೂ ಮುರಿಯಬಾರದು, ಈಗ ಅವನ ಹೆಸರು ಕರೆದರು, ಕಾಲು ತಾವೇ ಎದ್ದವು, ನಮಸ್ಕಾರ ಅಂದ, ಕೇಳಿಸ್ತಿಲ್ಲ ಗುರೂ ಎಂದಿತು ಹಿಂದಿನ ಸಾಲು, ಮೈಕ್, ಮೈಕ್, ಕಲೀನಾ ಓಡಿಬಂದು ಕೈಗೇ ತುರುಕಿದಳು, ಹೆದರಬೇಡ್ವೋ ನಾವಿದ್ದೀವಿ, ಅವಳಿಗೇನು ಗೊತ್ತು ಪಾಪ, ಒಂದು ಕೈಯಲ್ಲಿ ಮೈಕ್, ಒಂದು ಕೈಯಲ್ಲಿ ಬಿಲ್ಲೆ, ನಾನು ವಿತೋಲ್ದ್ ಗಾವ್ರೊನ್, ಹೊರಗಿನಿಂದ ಅವನದೇ ದನಿ ಅರೆಗಳಿಗೆ ತಡವಾಗಿ ಬರುತ್ತಿದೆ, ಗಾವ್ರೊನ್, ಕಾನೂನು ನಾಲ್ಕನೇ ವರ್ಷ, ಎಲ್‌ಜಿಬಿಟಿಕ್ಯೂ ವಿದ್ಯಾರ್ಥಿಗಳ ಪ್ರತಿನಿಧಿ, ಈ ಹುದ್ದೆ ನಮ್ಮಲ್ಲಿ ಇದೇ ಮೊದಲು, ನಾನೂ ಗೇ — ಯಾರೋ ಸಿಳ್ಳೆ ಹೊಡೆದರು, ಯಾರೋ ಥೂ ಅಂದರು, ಸಿಳ್ಳೆಯೂ ಥೂ ಕೂಡ ದೂರದಲ್ಲಿ ಯಾರದೋ ಮನೆಯ ಬಾಗಿಲು ಬಡಿದ ಹಾಗೆ — ನಿಮ್ಮಲ್ಲಿ ಯಾರಿಗಾದ್ರೂ ಮನೇಲಿ ಹೇಳಕ್ಕೆ ಆಗ್ತಿಲ್ಲ ಅಂದ್ರೆ, ಯಾರ ಹತ್ರ ಹೇಳ್ಬೇಕು ಗೊತ್ತಾಗ್ತಿಲ್ಲ ಅಂದ್ರೆ, ಮಂಗಳವಾರ ಹನ್ನೆರಡನೇ ನಂಬರ್ ಕೊಠಡಿಗೆ ಬನ್ನಿ, ನಾನಿರ್ತೀನಿ. ದೀಪದ ಕೆಳಗೆ ಕತ್ತಲೆ, ಊರಿಗೆಲ್ಲ ನಾನಿರ್ತೀನಿ, ಮನೇಲಿ ಹೇಳಕ್ಕೆ ಆಗ್ತಿಲ್ಲ ಅಂದ್ರೆ ಅನ್ನುವುದೂ ಹೊರಗೆ ಹೋಯಿತಲ್ಲ, ಅದೂ ಅರೆಗಳಿಗೆ ತಡವಾಗಿ ಸ್ಪೀಕರಿನಿಂದ ಅವಳ ತಲೆಯ ಮೇಲೆ ಬಿತ್ತಲ್ಲ, ಚಪ್ಪಾಳೆ, ಎರಡನೇ ಸಾಲಿನ ಹುಡುಗಿಯೊಬ್ಬಳು ಅಂಗೈ ಮೇಲೆ ಮಂಗಳವಾರ ಎಂದು ಬರೆದುಕೊಂಡಳು, ಒಳ್ಳೆಯದು, ಸಂತೋಷವಾಗಬೇಕು, ಕೂತ.

ಮುಗಿಯಿತು, ಮೆಟ್ಟಿಲು, ಪಡಸಾಲೆ, ಕೋಟಿನ ಸಾಲು, ಮುಂದೆ ಹತ್ತು ಜನ, ಬೆನ್ನ ಹಿಂದೆ ಇವನೇ ಕಣೇ ಎಂದು ಪಿಸುಮಾತು, ಸೂಪರ್ ಕಣೋ ಎಂದು ಕಲೀನಾ ತೋಳು ಹಿಡಿದಿದ್ದಾಳೆ, ನಂಬರ್ ಕೊಡಿ, ನಂಬರ್ ಕೊಡಿ, ಅಮ್ಮನ ದನಿ ಎಂದಿನಂತೆಯೇ ಇದೆ, ತಲೆ ಮಾತ್ರ ಎತ್ತುತ್ತಿಲ್ಲ, ಕಾಲರಿನಲ್ಲಿ ಸೂಜಿ ಇಲ್ಲ, ಎಲ್ಲಿ ಹೋಯಿತು ಸೂಜಿ, ಮುಂದೆ ಮೂವರು, ಇಬ್ಬರು, ನಂಬರ್ ಕೊಡಿ ಸ್ವಾಮಿ. ಕೊಟ್ಟ, ಅಂಗೈಯಲ್ಲಿ ದುಂಡನೆಯ ಕೆಂಪು ಅಚ್ಚು, ಅವಳು ಒಳಗೆ ಹೋದಳು, ಬಂದಳು, ಕೋಟನ್ನು ಕಟ್ಟೆಯ ಮೇಲಿಟ್ಟಳು, ಕುಣಿಕೆಯ ಒಂದು ತುದಿ ಹೊಲಿದಿದೆ, ಇನ್ನೊಂದು ತುದಿ ಸಡಿಲ, ದಾರದ ಕೊನೆಯಲ್ಲಿ ಸೂಜಿ ಹಾಗೇ ನೇತಾಡುತ್ತಿದೆ, ಎರಡು ಹೊಲಿಗೆಯ ಕೆಲಸ, ಹೊಲಿಗೆಯನ್ನು ನಡುವೆ ಬಿಟ್ಟು ಎದ್ದವಳೇ ಅಲ್ಲ ಅವಳು, ಅವತ್ತು ಚಾಕು ನಿಂತಿರಲಿಲ್ಲ, ಇವತ್ತು ಯಾವ ಮಾತಿಗೆ ಕೈ ನಿಂತಿತು, ಗೇ ಅಂದದ್ದಕ್ಕೋ, ಮನೇಲಿ ಹೇಳಕ್ಕೆ ಆಗ್ತಿಲ್ಲ ಅಂದದ್ದಕ್ಕೋ, ಮುಖ ನೋಡಿದರೆ ಗೊತ್ತಾದೀತು, ಮುಖ ತೋರಿಸುತ್ತಿಲ್ಲ, ಮುಂದಿನವರು ಬನ್ನಿ ಅಂದಳು, ಅವನು ಸರಿಯಲಿಲ್ಲ, ಕೋಟನ್ನೂ ಎತ್ತಲಿಲ್ಲ, ಅಮ್ಮಾ ಅಂದ. ಮೈಕ್ ಇರಲಿಲ್ಲ, ಎಲ್ಲರಿಗೂ ಕೇಳಿಸಿತು, ಕಲೀನಾಳ ಕೈ ತೋಳಿನಿಂದ ಜಾರಿತು, ಅಮ್ಮ ಅಂದ್ರೆ ಯಾರೋ ಎಂದಳು, ನಮ್ಮಮ್ಮ ಕಣೇ, ಬೊಝೆನಾ ಮೇಡಂ ನಮ್ಮಮ್ಮ, ಅಷ್ಟು ಹೇಳುವಾಗ ಮಾತ್ರ ನಾಲಿಗೆಗೆ ಎಲ್ಲೋ ಒಂದು ಕಡೆ ನೋವಾಯಿತು. ಅಮ್ಮ ತಲೆ ಎತ್ತಿದಳು, ಕಣ್ಣು ಕೆಂಪಗಿದೆ, ಕೋಟನ್ನು ತನ್ನ ಕಡೆಗೆ ಎಳೆದುಕೊಂಡು ಸ್ಟೂಲಿನ ಮೇಲೆ ಕೂತಳು, ನಿಂತ್ಕೋ ವಿತೆಕ್, ಇನ್ನೂ ಮುಗಿದಿಲ್ಲ, ಮೇಡಂ ಬಸ್ಸು ಹೋಗುತ್ತೆ ಎಂದರು ಹಿಂದಿನಿಂದ ಯಾರೋ, ಹೋಗ್ಲಿ, ಇನ್ನೊಂದು ಬರುತ್ತೆ, ಸಾಲು ಬೆಳೆಯುತ್ತಿದೆ, ಅವಳು ಹೊಲಿಯುತ್ತಿದ್ದಾಳೆ, ಎರಡು ಹೊಲಿಗೆ ಸಾಕಿತ್ತು, ಆರಾಯಿತು, ಏಳಾಯಿತು, ನಿಲ್ಲಿಸುತ್ತಿಲ್ಲ, ಸೂಜಿ ಒಳಗೆ, ಸೂಜಿ ಹೊರಗೆ, ಸೂಜಿ ಒಳಗೆ, ಸೂಜಿ —